ಎಂಡಿಆರ್ ಟಿಬಿಗೆ (ಮುಖ್ಯ ಔಷಧಿಗಳಿಗೆ ಬಗ್ಗದ ಕ್ಷಯಕ್ಕೆ) ಆರು ತಿಂಗಳ ಹೊಸ ಕೋರ್ಸ್: ಏನೇನು ಗಮನಿಸಬೇಕು?

ಮಾಟುಂಗಾ_ಮೆಡಿಕಲ್: ಮುಂಬೈಯಲ್ಲಿ ಬಿಪಾಲ್‌ಎಂ (ಬೆಡಾಕ್ವಿಲಿನ್, ಪ್ರೆಟೊಮನಿಡ್, ಲಿನೆಝೋಲಿಡ್, ಮಾಕ್ಸಿಫ್ಲಾಕ್ಸಸಿನ್ ಸೇರಿದ ಈ ಕೋರ್ಸ್) ಶುರು ಮಾಡಿದವರು ಮುಖ್ಯವಾಗಿ ಯಾವ ಮಾತ್ರೆಯ ಮೇಲೆ ಕಣ್ಣಿಡಬೇಕು?

ಧಾರಾವಿ_ಫೀಲ್ಡ್: ಲಿನೆಝೋಲಿಡ್. ದಿನಕ್ಕೆ 600 ಮಿಗ್ರಾಂ. ವಾರಗಳು ಕಳೆದಂತೆ ಪಾದ ಜುಮುಜುಮು ಅನ್ನಬಹುದು, ಹಿಮೋಗ್ಲೋಬಿನ್ ಇಳಿಯಬಹುದು, ಕೆಂಪು-ಹಸಿರು ಮಂಕಾಗಿ ಕಾಣಬಹುದು. ಎಷ್ಟೋ ರೋಗಿಗಳು ತಾವಾಗಿ ಹೇಳಲ್ಲ, ನಾವೇ ಕೆದಕಿ ಕೇಳಬೇಕು. ಡೋಸ್ 300ಕ್ಕೆ ಇಳಿಸೋದು ಡಾಕ್ಟರ ಕೆಲಸ. ಸ್ವಂತವಾಗಿ ನಿಲ್ಲಿಸಿದರೆ ಉಳಿದ ಮಾತ್ರೆಗಳಿಗೂ ರೆಸಿಸ್ಟೆನ್ಸ್ ಬರಬಹುದು, ಅಂದ್ರೆ ರೋಗಾಣು ಅವಕ್ಕೂ ಬಗ್ಗಲ್ಲ.

ಠಾಣೆ_ಲ್ಯಾಬ್: ಬೆಡಾಕ್ವಿಲಿನ್ ಮೊದಲ 2 ವಾರ ದಿನಾ 400 ಮಿಗ್ರಾಂ, ಆಮೇಲೆ ವಾರಕ್ಕೆ 3 ಸಲ 200 ಮಿಗ್ರಾಂ. ಊಟದ ಜೊತೆಗೇ, ಖಾಲಿ ಹೊಟ್ಟೇಲಿ ಸುಮಾರು ಅರ್ಧವಷ್ಟೇ ರಕ್ತಕ್ಕೆ ಸೇರುತ್ತೆ. ಇದೂ ಮಾಕ್ಸಿಫ್ಲಾಕ್ಸಸಿನೂ ಎರಡೂ ಕ್ಯೂಟಿ (ಇಸಿಜಿಯಲ್ಲಿ ಕಾಣುವ, ಹೃದಯ ಬಡಿತದ ಒಂದು ಅವಧಿ) ಹಿಗ್ಗಿಸುತ್ತವೆ, ಇಸಿಜಿ ತಪ್ಪಿಸಬೇಡಿ. ಗರ್ಭಿಣಿಯರಿಗೆ ಈ ಕೋರ್ಸ್ ಇಲ್ಲ.