ಅಪ್‌ಡೇಟ್: ಮೂಡಿಗೆರೆ ಮಳೆಯಲ್ಲಿ ಸಿಲ್ಕಿ ಕೋಳಿ

ನಮ್ಮ ಮೂಡಿಗೆರೆ ಮಳೆಗೆ ಸಿಲ್ಕಿ ಕೋಳಿ (ರೇಷ್ಮೆಯಂತೆ ಮೆತ್ತನೆಯ ಗರಿಯ ತಳಿ) ತಾಳುತ್ತದಾ, ಮನೆಯಲ್ಲೇ ಮರಿ ಮಾಡಿಸಬಹುದಾ ಅಂತ ಬೇಸಿಗೆಯಲ್ಲಿ ಕೇಳಿದ್ದೆ. ಎರಡೂ ಆಗುತ್ತದೆ.

ಚಳಿ ಇವಕ್ಕೆ ಲೆಕ್ಕಕ್ಕೇ ಇಲ್ಲ, ಒದ್ದೆಯೇ ಕಷ್ಟ. ಬೇರೆ ಕೋಳಿಗಳ ಗರಿಯ ಎಳೆಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡಿರುತ್ತವೆ, ನೀರು ಜಾರಿ ಹೋಗುತ್ತದೆ. ಸಿಲ್ಕಿಗೆ ಆ ಕೊಂಡಿಯೇ ಇಲ್ಲ. ನೆನೆದರೆ ಹಿಂಡಿದ ಬಟ್ಟೆಯಂತಾಗಿ ಒಳಗಿನ ಕಪ್ಪು ಚರ್ಮ ಕಾಣುತ್ತದೆ. ಹಾಗಾಗಿ ಮಳೆ ಹಿಡಿದಾಗಿನಿಂದ ಶೀಟಿನ ಕೆಳಗೇ ವಾಸ. ನೆಲಕ್ಕೆ ಭತ್ತದ ಹೊಟ್ಟು, ಒದ್ದೆಯಾದ ಕೂಡಲೇ ಬದಲು. ಹಾರುವುದಿಲ್ಲವಲ್ಲ, ಮಲಗುವ ಅಡ್ಡಕೋಲೂ ಮೊಣಕಾಲೆತ್ತರಕ್ಕಿದ್ದರೆ ಸಾಕು.

ಕಾವಿನ ವಿಷಯದಲ್ಲಿ ಮಾತ್ರ ಇವು ಹುಚ್ಚು! ಬಿಳಿ ಹ್ಯಾಟೆ ನಾಟಿ ಕೋಳಿಯ ಮೊಟ್ಟೆಯನ್ನೂ ಸೇರಿಸಿಕೊಂಡು ಕೂತಿತು. ಊಟ ನೀರಿಗೂ ಏಳುತ್ತಿರಲಿಲ್ಲ, ದಿನಾ ನಾವೇ ಎತ್ತಿ ಇಳಿಸಬೇಕಿತ್ತು. 21 ದಿನಕ್ಕೆ ಸರಿಯಾಗಿ ಮರಿ ಒಡೆದವು. ಯಾವುದು ಸಿಲ್ಕಿ ಅಂತ ಗುರುತಿಸುವುದು ಸುಲಭ, ಕಾಲಿಗೆ ಐದು ಬೆರಳು. ಗಂಡೋ ಹೆಣ್ಣೋ ಅನ್ನುವುದಕ್ಕೆ ಮಾತ್ರ ತಿಂಗಳುಗಟ್ಟಲೆ ಕಾಯಬೇಕು. ಮರಿ ಕೇಳಿದವರೇ, ಅಲ್ಲಿವರೆಗೂ ಸುಮ್ನೆ ಜೋಡಿ ಅಂತ ಕೊಡುವುದಕ್ಕೆ ನನಗೆ ಮನಸ್ಸಿಲ್ಲ.