ಸಹಾಯ ಬೇಕು: ತಮ್ಮನಿಗೆ ಸದ್ದು ತಡೆಯುವುದಕ್ಕೇ ಆಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ 27 ವರ್ಷ. ಸ್ಕಿಜೋಫ್ರೇನಿಯಾ ಅಂತ ಗೊತ್ತಾಗಿ 5 ವರ್ಷ ಆಯಿತು. ಮಾತ್ರೆ ತಪ್ಪಿಸುವುದಿಲ್ಲ, ಕಿವಿಯಲ್ಲಿ ಕೇಳುತ್ತಿದ್ದ ದನಿಗಳೂ ಕಡಿಮೆ ಆಗಿವೆ. ಆದರೆ ನಿನ್ನೆ ನನ್ನ ಕೈಯಿಂದ ಒಂದು ಸ್ಟೀಲ್ ತಟ್ಟೆ ಜಾರಿತು ಅಷ್ಟೇ, ಎರಡೂ ಕಿವಿ ಮುಚ್ಚಿಕೊಂಡು ಬಾಗಿಲ ಹಿಂದೆ ಮುದುಡಿ ಕೂತುಬಿಟ್ಟ, ಚಿಕ್ಕವನಿದ್ದಾಗ ಅಪ್ಪ ಕುಡಿದು ಬಂದು ಪಾತ್ರೆ ಎಸೆಯುತ್ತಿದ್ದ ರಾತ್ರಿಗಳಲ್ಲಿ ಕೂರುತ್ತಿದ್ದ ಹಾಗೇ. ಕರುಳು ಕಿತ್ತು ಬಂತು.

ಅರ್ಧ ಸೆಕೆಂಡ್ ಅಂತರದಲ್ಲಿ ಎರಡು ಸಲ ಟಿಕ್ ಅಂದರೆ ಸಾಮಾನ್ಯವಾಗಿ ಮಿದುಳು ಎರಡನೆಯದನ್ನು ಅಷ್ಟಾಗಿ ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಈ ಕಾಯಿಲೆ ಇರುವ ಹಲವರಲ್ಲಿ ಆ ತಡೆ ಸರಿಯಾಗಿ ಕೆಲಸ ಮಾಡುವುದಿಲ್ಲ ಅಂತ ಓದಿದೆ. ಬಾಲ್ಯದಲ್ಲಿ ಹೊಡೆತ, ಭಯ ಕಂಡವರಿಗೆ ಸೈಕೋಸಿಸ್ (ಸ್ಕಿಜೋಫ್ರೇನಿಯಾದಲ್ಲಿ ಆಗುವ ಹಾಗೆ ವಾಸ್ತವದ ಅರಿವು ತಪ್ಪುವ ಸ್ಥಿತಿ) ಬರುವ ಸಾಧ್ಯತೆ ಜಾಸ್ತಿ ಅಂತಲೂ ಸಂಶೋಧನೆಗಳು ಹೇಳುತ್ತವೆ. ಅದೊಂದೇ ಕಾರಣ ಅಲ್ಲ, ಗೊತ್ತು. ಆದರೂ ಇವನಲ್ಲಿ ಎರಡೂ ಸೇರಿಕೊಂಡಿವೆ ಅಂತ ನನಗೆ ಅನಿಸುತ್ತದೆ. ಇಷ್ಟು ವರ್ಷದಲ್ಲಿ ಯಾವ ಡಾಕ್ಟರೂ ಅವನ ಬಾಲ್ಯದ ಬಗ್ಗೆ ಕೇಳಿಲ್ಲ.

ನಾವು ಇರುವುದು ಹಾಸನದಲ್ಲಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದ್ದೆ, ಕನ್ನಡದಲ್ಲೇ ಸಮಾಧಾನವಾಗಿ ಮಾತಾಡಿದರು. ಆದರೆ ವಾರ ವಾರ ಎದುರು ಕೂರಿಸಿಕೊಂಡು ಆ ಹಳೇ ನೋವಿನ ಬಗ್ಗೆ ಕನ್ನಡದಲ್ಲಿ ಮಾತಾಡಿಸುವ, ಸೈಕೋಸಿಸ್ ಇರುವವರ ಜೊತೆ ಕೆಲಸ ಮಾಡಿ ಅನುಭವ ಇರುವ ಥೆರಪಿಸ್ಟ್ ಯಾರಾದರೂ ಗೊತ್ತಾ? ಮೈಸೂರು, ಬೆಂಗಳೂರು ಆದರೂ ಕರೆದುಕೊಂಡು ಬರುತ್ತೇನೆ. ಇಯರ್‌ಪ್ಲಗ್ ಕೊಟ್ಟು ನೋಡಿದವರು ಇದ್ದೀರಾ? ಹೊರಗಿನ ಸದ್ದು ನಿಂತರೆ ಒಳಗಿನ ದನಿ ಜಾಸ್ತಿ ಆಗುತ್ತದೇನೋ ಅಂತ ಭಯ. ಮಾತ್ರೆ ನಿಲ್ಲಿಸಿ ಅನ್ನುವ ಸಲಹೆ ಮಾತ್ರ ದಯವಿಟ್ಟು ಬೇಡ.

ಇನ್ನು ಹತ್ತೇ ದಿನಕ್ಕೆ ನಮ್ಮ ಬೀದಿಯಲ್ಲಿ ಗಣೇಶ ಕೂರಿಸುತ್ತಾರೆ, ಮೈಕು, ಪಟಾಕಿ ಎಲ್ಲ ಇರುತ್ತದೆ. ಅಷ್ಟರೊಳಗೆ ಯಾರಾದರೂ ಹೇಳಿ.