ಕ್ರಿಸ್‌ಮಸ್ ರಜೆಗೆ 'ದಿ ನೈಟ್‌ಮೇರ್ ಬಿಫೋರ್ ಕ್ರಿಸ್‌ಮಸ್': ಟೀವಿ ಸೆಟ್ಟಿಂಗ್ ಏನಿರಬೇಕು, ಮಕ್ಕಳು ಎಲ್ಲಿ ಹೆದರ್ತಾರೆ?

ಪ್ರಶ್ನೆ (ಕತ್ತಲಕೋಣೆ):
24ರ ಸಂಜೆ ಮನೆಮಂದಿಯೆಲ್ಲ ಕೂತು ಈ ಸ್ಟಾಪ್-ಮೋಷನ್ ಸಿನಿಮಾ (ಗೊಂಬೆಗಳನ್ನ ಚೂರುಚೂರೇ ಸರಿಸಿ ಒಂದೊಂದೇ ಫ್ರೇಮ್ ತೆಗೆದದ್ದು) ನೋಡಬೇಕು. ಮಕ್ಕಳಿಗೆ 6 ಮತ್ತು 10 ವರ್ಷ, ಟೀವಿ 55 ಇಂಚಿನ ಎಲ್‌ಇಡಿ. ಗೊಂಬೆಗಳು ಎಣ್ಣೆ ಮೇಲೆ ಜಾರಿದ ಹಾಗೆ ಓಡಾಡ್ತವೆ, ನಾಯಕ ಜ್ಯಾಕ್ ಕೈ ಬೀಸಿದರೆ ಸುತ್ತ ಮಸುಕು ಅಂಚು ಕಾಣುತ್ತೆ. ಕತ್ತಲ ದೃಶ್ಯಗಳಲ್ಲಿ ಏನೂ ಬಿಡಿಸಿ ಕಾಣಲ್ಲ. ಎಡಬಲಕ್ಕೆ ಸಣ್ಣ ಕಪ್ಪು ಪಟ್ಟಿ ಬೇರೆ; ಜೂಮ್ ಮಾಡಬಹುದಾ? ಚಿಕ್ಕವನಿಗೆ ಯಾವ ಜಾಗ ಕಷ್ಟ?

ಗೊಂಬೆಗೂಡು:
ಮೊದಲು ಮೋಷನ್ ಸ್ಮೂದಿಂಗ್ (ಚಲನೆಯನ್ನ ನಯವಾಗಿಸೋ ಟೀವಿ ಸೆಟ್ಟಿಂಗ್) ಆಫ್ ಮಾಡಿ. ಎಲ್‌ಜಿಯಲ್ಲಿ ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ, ಸ್ಯಾಮ್‌ಸಂಗ್‌ನಲ್ಲಿ ಆಟೋ ಮೋಷನ್ ಪ್ಲಸ್ ಅಥವಾ ಪಿಕ್ಚರ್ ಕ್ಲಾರಿಟಿ ಅಂತಿರುತ್ತೆ. ಸೆಕೆಂಡಿಗೆ 24 ಫ್ರೇಮು, ಪ್ರತಿಯೊಂದನ್ನೂ ಗೊಂಬೆ ಅಲುಗಾಡದೆ ನಿಂತಾಗ ತೆಗೆದದ್ದು. ನಟರ ಸಿನಿಮಾದಲ್ಲಿ ಬೀಸಿದ ಕೈ ಫ್ರೇಮಿನೊಳಗೇ ಕದಡಿರುತ್ತೆ, ಇಲ್ಲಿ ಬಹುಪಾಲು ಅಂಚೆಲ್ಲ ಚೂಪು. ಎರಡು ಫ್ರೇಮಿನ ನಡುವೆ ಇಲ್ಲದ ಭಂಗಿಯನ್ನು ಟೀವಿ ಊಹಿಸಿ ತುರುಕುತ್ತೆ. ಜ್ಯಾಕ್‌ನ ಕಡ್ಡಿ ತೋಳು, ಗೆರೆಗೆರೆ ಕೋಟು ಬಂದಾಗ ಊಹೆ ತಪ್ಪುತ್ತೆ. ನೀವು ಹೇಳಿದ ಮಸುಕು ಅದೇ. ಸ್ಮೂದಿಂಗ್ ತೆಗೆದ ಮೇಲೆ ಸಣ್ಣ ಅದುರು ಕಾಣುತ್ತೆ, ಅದು ಇರಲೇಬೇಕು.

ಎನರ್ಜಿ ಸೇವಿಂಗ್, ಲೈಟ್ ಸೆನ್ಸರ್ ಎರಡನ್ನೂ ಆಫ್ ಮಾಡಿ. ಕೋಣೆ ಕತ್ತಲಾದಷ್ಟೂ ಅವು ಬ್ಯಾಕ್‌ಲೈಟ್ ಇಳಿಸಿ ಜ್ಯಾಕ್‌ನ ಊರಾದ ಹ್ಯಾಲೋವೀನ್ ಟೌನನ್ನೇ ನುಂಗಿಬಿಡ್ತವೆ. ಇನ್ನೂ ಕಪ್ಪಿದ್ದರೆ ಬ್ಲ್ಯಾಕ್ ಲೆವೆಲ್ (ಕಪ್ಪು ಎಷ್ಟು ಗಾಢ ಅನ್ನೋ ಸೆಟ್ಟಿಂಗ್) ಅನ್ನು ಒಂದೊಂದೇ ಅಂಕ ಏರಿಸಿ. ಪಕ್ಕದ ಪಟ್ಟಿ ಬೂದಿಬಣ್ಣಕ್ಕೆ ತಿರುಗಿದ ತಕ್ಷಣ ಒಂದು ಅಂಕ ಹಿಂದಕ್ಕೆ ಬನ್ನಿ.

ಜೂಮ್ ಬೇಡವೇ ಬೇಡ. ಚಿತ್ರದ ಅಗಲ-ಎತ್ತರದ ಅನುಪಾತ 1.66:1, ಟೀವಿ 1.78:1. ತುಂಬಿಸಿದರೆ ಮೇಲೂ ಕೆಳಗೂ ಸೇರಿ ಎತ್ತರದಲ್ಲಿ ಸುಮಾರು ಶೇ 7 ಹೋಗುತ್ತೆ, ಅಷ್ಟುದ್ದದ ಜ್ಯಾಕ್‌ಗೆ ಅದು ದೊಡ್ಡ ನಷ್ಟ.

ಹಲಸಿನಮರ:
ಒಟ್ಟು 76 ನಿಮಿಷ. ಆರೂವರೆಗೆ ಹಾಕಿದರೆ ಎಂಟರೊಳಗೆ ಊಟಕ್ಕೆ ಏಳಬಹುದು.

ಆರು ವರ್ಷದವನಿಗೆ: ಶುರುವಿನ ಹಾಡಲ್ಲೇ ಭೂತಪ್ರೇತ ಎಲ್ಲ ಬರ್ತವೆ, ಆದರೆ ಅದು ಮೆರವಣಿಗೆಯ ಖುಷಿ. ಚಿಂದಿ ಬಟ್ಟೆಯ ಗೊಂಬೆ ಸ್ಯಾಲಿಯ ಕೈ ಕಿತ್ತು ಬರುತ್ತೆ. ಒಳಗಿರೋದು ಒಣ ಎಲೆ, ಅವಳೇ ಹೊಲಿದುಕೊಳ್ತಾಳೆ ಅಂತ ಮೊದಲೇ ಹೇಳಿಡಿ. ಉಡುಗೊರೆ ಪೆಟ್ಟಿಗೆಯಿಂದ ಹೊರಬಂದ ಹಾವು ಕ್ರಿಸ್‌ಮಸ್ ಮರ ನುಂಗೋದು ಇನ್ನೊಂದು. ನಿಜವಾಗಿ ಕಷ್ಟವಾಗೋದು ಕೊನೆಯಲ್ಲಿ ಖಳನಾಯಕ ಊಗಿ ಬೂಗಿಯ ಗೋಣಿ ಬಿಚ್ಚಿ ಹುಳುಗಳು ಸುರಿಯುವ ಜಾಗ. ಸಾಂಟಾ ಬರ್ತಾನೆ ಅಂತ ನಂಬಿರೋ ಮಗುವಾದರೆ ಸಾಂಟಾನ ಅಪಹರಣಕ್ಕೂ ಅಳಬಹುದು, ಅವನು ಬಿಡುಗಡೆಯಾಗೋದನ್ನ ಮುಂಚೆಯೇ ಹೇಳಿಬಿಡಿ.

ಇದೇ ನಿರ್ದೇಶಕ ಹೆನ್ರಿ ಸೆಲಿಕ್ ಅವರ 'ಕೊರಲೈನ್' (2009) ಅನ್ನು ಅದೇ ಸಂಜೆ ಸೇರಿಸಬೇಡಿ. ಕಣ್ಣಿನ ಜಾಗಕ್ಕೆ ಗುಂಡಿ ಹೊಲಿಯೋ ಮಾತು ಚಿಕ್ಕವರ ತಲೆಯಲ್ಲಿ ಉಳಿದುಬಿಡುತ್ತೆ. ದೊಡ್ಡವನಿಗೆ ಬೇರೆ ದಿನ ತೋರಿಸಿ.

ಮಂದಬೆಳಕು:
ಕ್ರಿಸ್‌ಮಸ್ ಮರದ ಸೀರಿಯಲ್ ಸೆಟ್ ಟೀವಿಗೆ ಎದುರಿದ್ದರೆ ಪ್ರತಿ ಕತ್ತಲ ದೃಶ್ಯದಲ್ಲೂ ಪರದೆ ಮೇಲೆ ಚುಕ್ಕಿ ಮಿನುಗುತ್ತೆ. ಮರವನ್ನ ಟೀವಿ ಪಕ್ಕಕ್ಕೆ ಸರಿಸಿ, ಬ್ಲಿಂಕಿಂಗ್ ನಿಲ್ಲಿಸಿ. ಕೋಣೆ ಪೂರ್ತಿ ಕತ್ತಲೂ ಬೇಡ; ಟೀವಿ ಹಿಂದೆ ಒಂದು ಸಣ್ಣ ಬಿಳಿ ದೀಪ ಇದ್ದರೆ ಕಣ್ಣಿಗೂ ಹಿತ, ಚಿಕ್ಕವನಿಗೂ ಧೈರ್ಯ.

ಇದನ್ನ ಟಿಮ್ ಬರ್ಟನ್ ನಿರ್ದೇಶಿಸಿದ್ದು ಅಂದುಕೊಂಡವರೇ ಹೆಚ್ಚು. ಕಥೆ ಅವರದು, ನಿರ್ಮಾಪಕರಲ್ಲಿ ಅವರೂ ಒಬ್ಬರು. ನಿರ್ದೇಶನ ಹೆನ್ರಿ ಸೆಲಿಕ್ (1993). ಹತ್ತು ವರ್ಷದವನಿಗೆ ಮುಖಗಳನ್ನ ಗಮನಿಸೋಕೆ ಹೇಳಿ. ಜ್ಯಾಕ್‌ಗೆ ಸುಮಾರು 400 ತಲೆಗಳಿದ್ದವು, ಒಂದೊಂದು ಭಾವಕ್ಕೆ, ಒಂದೊಂದು ತುಟಿಚಲನೆಗೆ ತಲೆಯನ್ನೇ ಬದಲಾಯಿಸ್ತಿದ್ದರು. ಸ್ಯಾಲಿಗೆ ಹಾಗೆ ಮಾಡಿದರೆ ಉದ್ದ ಕೂದಲು ಪ್ರತಿ ಸಲ ಕೆದರುತ್ತೆ. ಹಾಗಾಗಿ ಅವಳಿಗೆ ಮುಖವಾಡ ಮಾತ್ರ ತೆಗೆದು ಹಾಕ್ತಿದ್ದರು. ಇಬ್ಬರೂ ಮಾತಾಡುವಾಗ ಒಂದೊಂದೇ ಫ್ರೇಮ್ ಸರಿಸಿ ನೋಡಿದರೆ ಅವನಿಗೇ ಗೊತ್ತಾಗುತ್ತೆ.

ತಿನ್ನೋಕೆ ಕುಸ್ವಾರ್ (ಮಂಗಳೂರು ಕಡೆಯ ಕ್ರಿಸ್‌ಮಸ್ ತಿಂಡಿಗಳು) ಇದ್ದರೆ ಅದರಲ್ಲಿನ 'ಕಿಡಿಯೊ' ಒಂದು ಬಟ್ಟಲಿಗೆ ತೆಗೆದಿಡಿ. ಕೊಂಕಣಿಯಲ್ಲಿ ಆ ಹೆಸರಿಗೆ ಹುಳುಗಳು ಅಂತಲೇ ಅರ್ಥ. ಊಗಿ ಬೂಗಿಯ ಗೋಣಿ ಬಿಚ್ಚುವ ಹೊತ್ತಿಗೆ ಬಟ್ಟಲನ್ನ ಚಿಕ್ಕವನ ಕೈಗೆ ಕೊಡಿ.